ಆನಿಕೆರೆಯ ಬಾತನ್ನು ಹುಡುಕಿ ಬಲ್ಗೇರಿಯಾಕ್ಕೆ

ವೀಸಾ ಕಚೇರಿಯ ಗಾಜಿನಾಚೆ ಕುಳಿತಿದ್ದವನು ನನ್ನ ಕಾಗದಗಳನ್ನು ಮಗುಚಿ ಹಾಕುತ್ತ, ಈ ಚಳಿಯಲ್ಲಿ ಬಲ್ಗೇರಿಯಾಕ್ಕೆ ಯಾಕೆ ಎಂದು ಕೇಳಿದ. ಬಾತುಗಳನ್ನು ನೋಡಲಿಕ್ಕೆ ಎಂದೆ. ಅವನು ತಲೆಯೆತ್ತಿ ನನ್ನನ್ನೊಮ್ಮೆ ನೋಡಿದ. ಐವತ್ತು ದಾಟಿದ ಹೆಂಗಸು, ಮದುವೆಯಾಗಿಲ್ಲ, ಶಿಗ್ಗಾಂವಿಯಲ್ಲಿ ಹಲ್ಲಿನ ಡಾಕ್ಟರು, ಒಬ್ಬಳೇ ಹೊರಟಿದ್ದಾಳೆ. ನಿಮ್ಮೂರ ಕಡೆ ಬಾತುಗಳಿಲ್ಲವೇ ಎಂದು ಕೇಳಿದ. ಇದ್ದವು. ತೊಂದರೆ ಶುರುವಾದದ್ದೇ ಅಲ್ಲಿಂದ.

ಎರಡು ಚಳಿಗಾಲದ ಹಿಂದೆ, ಒಂದು ರವಿವಾರ ಬೆಳಿಗ್ಗೆ ನಾನೂ ನಿಂಗಪ್ಪನವರೂ ಹಾನಗಲ್ಲಿನ ಆನಿಕೆರೆಗೆ ಹೋಗಿದ್ದೆವು. ನಿಂಗಪ್ಪನವರು ಚಿಕ್ಕೇರೂರಿನ ಒಕ್ಕಲುತನದವರು, ಗೋವಿನಜೋಳ, ಹತ್ತಿ ಬೆಳೆಯುತ್ತಾರೆ. ಬಹಳ ಹಿಂದೆ ದವಡೆಹಲ್ಲು ಕೀಳಿಸಿಕೊಳ್ಳಲು ನನ್ನ ದವಾಖಾನೆಗೆ ಬಂದವರು, ಗೋಡೆಯ ಮೇಲಿನ ಹಕ್ಕಿಯ ಚಿತ್ರ ನೋಡಿ, ಅರ್ಧ ಬಾಯಿ ಜೋಮು ಹಿಡಿದಿದ್ದರೂ ಅದರ ಹೆಸರು ಹೇಳಲು ಒದ್ದಾಡಿದ್ದರು. ಅಂದಿನಿಂದ ನಮ್ಮಿಬ್ಬರ ರವಿವಾರಗಳು ಕೆರೆಗಳ ಪಾಲಾದವು. ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ದಾರಿಯಲ್ಲಿ ಚಹಾ, ಏರಿಯ ಮೇಲೆ ಬುತ್ತಿ, ತಿರುಗಿ ಬರುವಾಗ ಮಾತಿಲ್ಲದ ದಣಿವು. ಅದು ಎಂಥ ಸಂಗಾತವಾಗಿತ್ತು ಎಂಬುದು ತಪ್ಪಿದ ಮೇಲೆ ತಿಳಿಯಿತು.

ಅಂದು ಕೆರೆಯ ತುಂಬ ಪಟ್ಟೆತಲೆಯ ಹೆಬ್ಬಾತುಗಳಿದ್ದವು. ಹಿಮಾಲಯ ದಾಟಿ ಬರುವ ಇವು ನಮ್ಮ ಕಡೆಗೆ ವರ್ಷವರ್ಷದ ಬೀಗರು. ನಿಂಗಪ್ಪನವರು ತೂಬಿನ ಕಡೆ ಇಳಿದು ಹೋಗಿದ್ದರು, ನಾನು ಮೂಡಲ ಏರಿಯ ಮೇಲೆ ನಿಂತಿದ್ದೆ. ಹಿಂಡಿನ ನಡುವೆ ಗಿಡ್ಡನೆಯ ಬಾತೊಂದು ಕತ್ತೆತ್ತಿತು. ಎದೆ, ಕತ್ತು ಇಟ್ಟಂಗಿಯ ಬಣ್ಣ. ಬೆನ್ನು ಕಪ್ಪು, ಪಕ್ಕೆಗೆ ಬಿಳಿ ಗೀಟು. ಪುಸ್ತಕದಲ್ಲಿ ಮಾತ್ರ ನೋಡಿದ್ದ ಕೆಂಪೆದೆಯ ಬಾತು ಅದು. ಸೈಬೀರಿಯಾದಲ್ಲಿ ಹುಟ್ಟಿ, ಚಳಿಗಾಲಕ್ಕೆ ಕಪ್ಪು ಸಮುದ್ರದ ದಂಡೆಗೆ ಇಳಿಯುವ ಹಕ್ಕಿ. ಹಾನಗಲ್ಲಿಗೆ ಬರಲು ಅದಕ್ಕೆ ಯಾವ ಕಾರಣವೂ ಇಲ್ಲ. ನಾನು ಮೊಬೈಲನ್ನು ದುರ್ಬೀನಿಗೆ ಹಿಡಿಯುವಷ್ಟರಲ್ಲಿ ನಾಯಿಯೊಂದು ನೀರಿಗಿಳಿಯಿತು. ಇಡೀ ಹಿಂಡು ಎದ್ದು ಹೋಯಿತು. ನನ್ನ ಫೋಟೋದಲ್ಲಿ ಉಳಿದದ್ದು ಆಕಾಶ, ಮತ್ತೆ ಕೆಲವು ಚುಕ್ಕೆ.

ಹಕ್ಕಿ ನೋಡುವವರ ವಾಟ್ಸ್ಯಾಪ್ ಗುಂಪಿಗೆ ಸುದ್ದಿ ಹಾಕಿದೆ. ಗುಂಪಿನ ಹಿರಿಯರು ವಿನಯದಿಂದಲೇ ಕೇಳಿದರು: ಜೊತೆಗೆ ಯಾರಿದ್ದರು? ಗುಂಪಿನಲ್ಲೇ ಇದ್ದ ನಿಂಗಪ್ಪನವರನ್ನು ವಿಚಾರಿಸಿದಾಗ ಅವರು ಬರೆದದ್ದು ಇಷ್ಟೇ: "ಸಣ್ಣದೊಂದು ಕರೀ ಬಾತು ನೋಡೇನಿ. ಕೆಂಪು ನಾ ನೋಡಿಲ್ಲ."

ಗುಂಪಿನವರದು ತಪ್ಪು ಎನ್ನಲಾರೆ. ಅದರ ಹಿಂದಿನ ವರ್ಷ ಅಬಲೂರಿನ ಹೊಲದಲ್ಲಿ ಎರೆಭೂತ ಎಂಬ ಹಕ್ಕಿ ಕಂಡೆನೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ನಮ್ಮ ನಾಡಿನಿಂದ ಹೆಚ್ಚುಕಡಿಮೆ ಮಾಯವಾಗಿರುವ ಆ ದೊಡ್ಡ ಹಕ್ಕಿಗಾಗಿ ಎಲ್ಲೆಲ್ಲಿಂದಲೋ ಕಾರುಗಳು ಬಂದವು. ಇಡೀ ದಿನ ಎರೆಮಣ್ಣಿನ ಹೊಲಗಳಲ್ಲಿ ಅಲೆದ ಮೇಲೆ ಬೇಲಿಯಿಂದ ಹೊರಬಂದದ್ದು ಒಂದು ಹೆಣ್ಣು ನವಿಲು. ಇಂಥವು ಎಷ್ಟೋ ಆಗಿಹೋಗಿವೆ. ಅನುಮಾನ ಪಡದಿದ್ದರೆ ಗುಂಪು ಉಳಿಯುವುದಿಲ್ಲ. ಆದರೆ ಆ ಅನುಮಾನ ನನ್ನ ಬೆನ್ನು ಹತ್ತಿತು. ರಟ್ಟೀಹಳ್ಳಿಯ ದಾರಿಯಲ್ಲಿ ಮಾಮೂಲಿ ಗಿಡುಗ ಕಂಡೆ ಎಂದು ಬರೆದರೂ, "ಫೋಟೋ ಇದೆಯೇ ಮೇಡಂ?" ಎಂದು ಕೇಳತೊಡಗಿದರು. ನಿಂಗಪ್ಪನವರು ಮುಂದಿನ ರವಿವಾರ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಅದರ ಮುಂದಿನ ವಾರವೂ ಹಾಗೇ ಕಳೆಯಿತು.

ಬರಬರುತ್ತ ನನಗೇ ನನ್ನ ಕಣ್ಣಿನ ಮೇಲೆ ನಂಬಿಕೆ ಹೋಯಿತು. ಹುಬ್ಬಳ್ಳಿಯಲ್ಲಿ ಕಣ್ಣು ತೋರಿಸಿಕೊಂಡು ಬಂದೆ. ಓದುವ ಚಾಳೀಸು ಬಿಟ್ಟರೆ ದೂರದ ನೋಟ ಚೆನ್ನಾಗಿದೆ ಎಂದರು. ಹಾಗಿದ್ದರೆ ಆ ಹಕ್ಕಿ ಖರೇ ಇರುವ ಜಾಗಕ್ಕೇ ಹೋಗಿ, ಒಮ್ಮೆ ಕಣ್ತುಂಬ ನೋಡಿ, ಅಂದು ನಾನು ಕಂಡದ್ದು ಇದೋ ಅಲ್ಲವೋ ಎಂದು ತಿಳಿದುಕೊಂಡು ಬರಬೇಕು ಅನ್ನಿಸಿತು. ಬೇರೆ ಯಾರಿಗೂ ಅಲ್ಲ, ನನಗೆ.

ಸೋಫಿಯಾ

ಊರಿನ ಮೊದಲ ನೋಟಕ್ಕೆ ನನಗೆ ಕಂಡದ್ದು ಚರ್ಚಿನ ಬಂಗಾರದ ಗುಮ್ಮಟವಲ್ಲ, ಬಾಗಿಲುಗಳಿಗೆ ಅಂಟಿಸಿದ್ದ ಚೀಟಿಗಳು. ಬಸ್ ನಿಲ್ದಾಣದ ಕಂಬ, ಮನೆಯ ಗೇಟು, ಮರದ ಬೊಡ್ಡೆ, ಎಲ್ಲಿ ನೋಡಿದರೂ ಒಂದೊಂದು ಮುಖದ ಭಾವಚಿತ್ರ, ಕೆಳಗೆ ಅವರ ಲಿಪಿಯ ನಾಲ್ಕು ಸಾಲು. ಚುನಾವಣೆ ಹತ್ತಿರ ಬಂದಿರಬೇಕು ಅಂದುಕೊಂಡೆ. ಅಭ್ಯರ್ಥಿಗಳೆಲ್ಲ ಇಷ್ಟು ವಯಸ್ಸಾದವರು, ಇಷ್ಟು ಗಂಭೀರವಾಗಿದ್ದಾರಲ್ಲ ಎಂದು ಆಶ್ಚರ್ಯವೂ ಆಯಿತು. ತಂಗಿದ್ದ ಮನೆಯಾಕೆ ಬಿಡಿಸಿ ಹೇಳಿದಳು: ಅವರೆಲ್ಲ ತೀರಿಕೊಂಡವರು. ಸತ್ತಾಗೊಮ್ಮೆ ಅಂಟಿಸುತ್ತಾರೆ, ನಲವತ್ತನೆಯ ದಿನ, ಆರು ತಿಂಗಳಾದಾಗ, ವರ್ಷ ತುಂಬಿದಾಗ ಮತ್ತೆ ಅಂಟಿಸುತ್ತಾರೆ.

ನಮ್ಮಲ್ಲೂ ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟುತ್ತಾರೆ. ಆದರೆ ನಮ್ಮ ಫ್ಲೆಕ್ಸಿನಲ್ಲಿ ಸತ್ತವರ ಸುತ್ತ ಬದುಕಿರುವವರ ಫೋಟೋಗಳೇ ಹೆಚ್ಚು. ಇಲ್ಲಿ ಸತ್ತವರು ಒಬ್ಬೊಬ್ಬರೇ ಇದ್ದರು. ಮಂಜು ಬಿದ್ದ ಬೀದಿಯಲ್ಲಿ, ಯಾರ ಮಾತೂ ಅರ್ಥವಾಗದೆ ಓಡಾಡುತ್ತಿದ್ದ ನನಗೆ ಆ ಮುಖಗಳೇ ಪರಿಚಯವಾಗತೊಡಗಿದವು.

ವಾರ್ನಾ

ಸಮುದ್ರದ ಊರು ವಾರ್ನಾದಿಂದ ಉತ್ತರಕ್ಕೆ, ಕೆರೆಗಳಿರುವ ಹಳ್ಳಿಗಳ ಕಡೆ ಬಸ್ಸು ಹಿಡಿಯಬೇಕಿತ್ತು. ನಿಂತಿದ್ದ ಬಸ್ಸಿನ ಡ್ರೈವರನಿಗೆ ಊರಿನ ಹೆಸರು ಬರೆದ ಚೀಟಿ ತೋರಿಸಿ, ಹೋಗುತ್ತದೆಯೇ ಎಂದು ಸನ್ನೆ ಮಾಡಿದೆ. ಅವನು ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದ. ಇಲ್ಲ ಎಂದು ತಿಳಿದು ಹಿಂದೆ ಸರಿದೆ. ಬಸ್ಸು ಹೋಯಿತು. ನಾನು ಹತ್ತಬೇಕಿದ್ದದ್ದು ಅದೇ ಬಸ್ಸು. ಈ ದೇಶದಲ್ಲಿ ತಲೆಯನ್ನು ಅತ್ತಿತ್ತ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ ಎಂದು ಅರ್ಥವಂತೆ. ಪುಸ್ತಕದಲ್ಲಿ ಓದಿದ್ದೆ, ಸಮಯಕ್ಕೆ ನೆನಪಾಗಲಿಲ್ಲ.

ಮುಂದಿನ ಬಸ್ಸು ಮಧ್ಯಾಹ್ನಕ್ಕಿತ್ತು. ಬೆಂಚಿನ ಮೇಲೆ ಕುಳಿತು ಊರಿಂದ ತಂದಿದ್ದ ಕುರುಕಲು ತಿಂಡಿ, ಸವಣೂರಿನ ಖಾರ ತಿಂದೆ. ಸವಣೂರು ನನ್ನ ತಾಯಿಯ ತವರು. ಅಜ್ಜ ದೊಡ್ಡ ಪಂಡಿತರು, ಮನೆಯ ತುಂಬ ಶಾಸ್ತ್ರದ ಮಾತು. ಅವರ ಮಕ್ಕಳು, ಮೊಮ್ಮಕ್ಕಳೆಲ್ಲ ಈಗ ಡಾಕ್ಟರು, ಇಂಜಿನಿಯರು, ಬ್ಯಾಂಕಿನವರು. ಬೆಂಚಿನ ಇನ್ನೊಂದು ತುದಿಯಲ್ಲಿದ್ದ ಮುದುಕಿಗೆ ಒಂದು ಹಿಡಿ ಖಾರ ಕೊಟ್ಟೆ. ಆಕೆ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಮತ್ತೆ ಕೈಚಾಚಿದಳು. ಅಂದು ಹಳ್ಳಿ ತಲುಪುವತನಕ ನಾನು ಮನುಷ್ಯರ ಜೊತೆ ನಡೆಸಿದ ವ್ಯವಹಾರ ಅಷ್ಟೇ.

ರಾದ್ಕಾಳ ಮನೆ

ಹಳ್ಳಿಯಲ್ಲಿ ನಾನು ಉಳಿದದ್ದು ರಾದ್ಕಾ ಎಂಬ ವಿಧವೆಯ ಮನೆಯಲ್ಲಿ. ವಯಸ್ಸು ಅರವತ್ತೈದರ ಆಚೆ, ಗಟ್ಟಿ ಆಳು. ಕೆಲವು ವರ್ಷ ಲಂಡನ್ನಿನ ಹೋಟೆಲಿನಲ್ಲಿ ಕೋಣೆ ಗುಡಿಸುವ ಕೆಲಸ ಮಾಡಿ ಒಂದಿಷ್ಟು ಇಂಗ್ಲಿಷು ಕಲಿತಿದ್ದಳು. ಅವಳ ಮುರುಕು ಇಂಗ್ಲಿಷನ್ನು ನಾನು ಮನಸ್ಸಿನಲ್ಲೇ ನಮ್ಮ ಕಡೆಯ ಮಾತಿಗೆ ತಿರುಗಿಸಿಕೊಳ್ಳುತ್ತಿದ್ದೆ. ಇಲ್ಲಿಯೂ ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ಅವಳ ದನಿ ನನಗೆ ಕೇಳುವುದಿಲ್ಲ.

ನಾನು ಮಾಂಸ, ಮೀನು, ತತ್ತಿ ತಿನ್ನುವುದಿಲ್ಲ ಎಂದಾಗ, ಯಾವ ದವಾಖಾನೆಯವರು ಹಾಗೆ ಹೇಳಿದ್ದಾರೆ ಎಂದು ಕೇಳಿದಳು. ಆಮೇಲೆ ಎರಡು ಹೊತ್ತೂ ಬಿಳಿ ಅವರೆಯಂಥ ಕಾಳಿನ ಸಾರು, ಬ್ರೆಡ್ಡು, ಗಟ್ಟಿ ಮೊಸರು ಬಡಿಸಿದಳು. ಕೆನೆಮೊಸರು ಕಂಡರೆ ಪ್ರಾಣ ಬಿಡುವ ನಮ್ಮ ಕಡೆಯವರಿಗೆ ಈ ದೇಶದಲ್ಲಿ ಉಪವಾಸವಿಲ್ಲ. ಮೇಜಿನ ಮೇಲೆ ಗಾಜಿನ ಭರಣಿಯಲ್ಲಿ ಕೆಂಪು ಚಟ್ನಿಯಿತ್ತು, ಥೇಟು ನಮ್ಮ ಮೆಣಸಿನಕಾಯಿಯ ಖಾರದ ರಂಜಕ. ಆಸೆಯಿಂದ ಬ್ರೆಡ್ಡಿಗೆ ದಪ್ಪಗೆ ಸವರಿಕೊಂಡು ಕಚ್ಚಿದೆ. ಸಿಹಿಯಾಗಿತ್ತು! ಸುಟ್ಟ ದೊಣ್ಣಮೆಣಸಿನಕಾಯಿಯದಂತೆ. ನನ್ನ ಮುಖ ನೋಡಿ ರಾದ್ಕಾ ಮೊದಲ ಸಲ ನಕ್ಕಳು.

ಅವಳ ಬಾಗಿಲಿಗೂ ಒಂದು ಚೀಟಿ ಅಂಟಿಸಿತ್ತು. ಬೋಳುತಲೆ, ದಪ್ಪ ಮೀಸೆ, ಕೊರಳಲ್ಲಿ ದುರ್ಬೀನು. ಗಂಡ ಇವಾನ್. ಹೋಗಿ ಇನ್ನೂ ವರ್ಷವಾಗಿರಲಿಲ್ಲ.

ಕೆರೆಯ ದಂಡೆ

ಮೊದಲೆರಡು ದಿನ ಮಂಜು. ಸಮುದ್ರದಿಂದ ಎದ್ದ ಮಂಜು ಕೆರೆಯ ಮೇಲೆ ಕೂತು ಏಳಲೇ ಇಲ್ಲ. ಜೊಂಡಿನ ಪಕ್ಕ ನಿಂತರೆ ಸಾವಿರಗಟ್ಟಲೆ ಬಾತುಗಳ ಗದ್ದಲ ಕೇಳುತ್ತಿತ್ತು. ಹಿರೇಕೆರೂರಿನ ಸಂತೆಯನ್ನು ಗೋಡೆಯಾಚೆ ನಿಂತು ಕೇಳಿದ ಹಾಗೆ. ಒಂದೂ ಕಾಣಿಸಲಿಲ್ಲ. ಬೆರಳು ಸೆಟೆದುಕೊಂಡು ದುರ್ಬೀನಿನ ಗಾಲಿ ತಿರುಗಿಸಲು ಬರುತ್ತಿರಲಿಲ್ಲ. ಇಷ್ಟು ದೂರ ಬಂದು, ಗದ್ದಲ ಕೇಳಿಸಿಕೊಂಡು ತಿರುಗಿ ಹೋಗುತ್ತೇನೇನೋ ಎಂಬ ಹೆದರಿಕೆ ಹತ್ತಿತು.

ಅಲ್ಲಿ ಬೇರೆ ದೇಶದ ದಂಪತಿ ಕಾರಿನಲ್ಲಿ ಕೂತಿದ್ದರು. ಗಾಜು ಇಳಿಸಿ, ನಿನ್ನೆ ಇಲ್ಲೇ ಉತ್ತರಕ್ಕೆ ಕೆಂಪೆದೆಯ ಬಾತುಗಳ ಭಾರಿ ಹಿಂಡು ಕಂಡೆವು, ನೀವು ಇರಬೇಕಿತ್ತು ಎಂದರು. ನನ್ನ ಹೊಟ್ಟೆ ಉರಿಯಿತು. ಆಮೇಲೆ ಗಮನಿಸಿದೆ: ಅವರ ಮಾತು ಕೇಳುವಾಗ ನನ್ನ ಮನಸ್ಸು ತನ್ನಷ್ಟಕ್ಕೆ ತಾನೇ, ನಿನ್ನೆಯೂ ಮಂಜೇ ಇತ್ತಲ್ಲ, ಫೋಟೋ ಎಲ್ಲಿದೆ ಎಂದು ಕೇಳುತ್ತಿತ್ತು. ಗುಂಪಿನ ಹಿರಿಯರು ನನ್ನನ್ನು ಕೇಳಿದ ಅದೇ ದನಿ. ಮನೆಗೆ ಬಂದು ರಾದ್ಕಾಳಿಗೆ ಹೇಳಿದರೆ, ಅವರು ಪ್ರತಿ ವರ್ಷ ಬರುತ್ತಾರೆ, ಯಾವಾಗ ಕೇಳಿದರೂ ನಿನ್ನೆಯೇ ಕಂಡಿರುತ್ತಾರೆ ಎಂದಳು.

ಎರಡನೆಯ ದಿನ ಮಧ್ಯಾಹ್ನ ಅವಳು ಒಲೆಯ ಮುಂದೆ ಕುಳಿತು ಕುಂಬಳಕಾಯಿ ಹೆಚ್ಚುತ್ತಿದ್ದಳು. ಈ ಕೆಂಪು ಬಾತಿಗಾಗಿ ಇಂಡಿಯಾದಿಂದ ಯಾಕೆ ಬಂದೆ ಎಂದು ಕೇಳಿದಳು. ಇದ್ದದ್ದು ಇದ್ದಂತೆ ಹೇಳಿದೆ. ಆನಿಕೆರೆ, ನಾಯಿ, ಗುಂಪು, ನಿಂಗಪ್ಪನವರು ಬರೆದ ಮಾತು, ಆಮೇಲಿನ ರವಿವಾರಗಳು. ನನ್ನ ಜೊತೆ ನಿಂತಿದ್ದ ಒಬ್ಬನೇ ಒಬ್ಬ ಮನುಷ್ಯ ನನ್ನ ಕೈಬಿಟ್ಟ ಎಂದೆ. ಇಷ್ಟು ಬಿಚ್ಚಿ ಊರಲ್ಲಿ ಯಾರ ಮುಂದೂ ಹೇಳಿರಲಿಲ್ಲ.

ರಾದ್ಕಾ ಚಾಕು ಕೆಳಗಿಟ್ಟಳು. ತನ್ನ ಗಂಡನ ಕಥೆ ಹೇಳಿದಳು.

ಇವಾನ್ ಮೀನುಗಾರ. ಚಿಕ್ಕಂದಿನಿಂದ ಹಕ್ಕಿಯ ಹುಚ್ಚು. ಕೆಲವು ವರ್ಷಗಳ ಹಿಂದೆ ಒಂದು ಶರತ್ಕಾಲದಲ್ಲಿ, ಕೆರೆಯ ಕೆಸರಿನಲ್ಲಿ ಬಾಗಿದ, ತೆಳ್ಳನೆಯ ಉದ್ದ ಕೊಕ್ಕಿನ ಒಂದು ಜೌಗುಹಕ್ಕಿಯನ್ನು ಕಂಡನಂತೆ. ಹಿಂದೆ ಇದೇ ಸಮುದ್ರದ ದಂಡೆ ಹಿಡಿದು ಹಾರಿಹೋಗುತ್ತಿದ್ದ, ಈಗ ಲೋಕದಲ್ಲೇ ಇಲ್ಲವೆಂದು ಪಂಡಿತರು ಕೈಬಿಟ್ಟಿರುವ ಹಕ್ಕಿ. ರಾದ್ಕಾ ಅವನಿಗೆ ಊಟ ಕೊಡಲು ಹೋದವಳು ಪಕ್ಕದಲ್ಲೇ ನಿಂತಿದ್ದಳು. ಸುದ್ದಿ ತಿಳಿದು ನಗರದಿಂದ ಬಲ್ಲವರು ಬಂದರು. ಇವಾನನನ್ನು ತಿರುಗಿ ತಿರುಗಿ ಕೇಳಿದರು. ಕೊನೆಗೆ ಅವಳನ್ನೂ ಕೇಳಿದರು.

"ನಾ ಏನ ಹೇಳಬೇಕಾಗಿತ್ತು?" ಎಂದಳು ರಾದ್ಕಾ. "ಕಂದು ಹಕ್ಕಿ ಒಂದು ನೋಡಿದ್ದೆ, ಉದ್ದ ಕೊಕ್ಕಿಂದು. ಅಷ್ಟ ಹೇಳಿದೆ. ಆ ಕೆಸರಿನಾಗ ಉದ್ದ ಕೊಕ್ಕಿನ ಕಂದು ಹಕ್ಕಿ ಯಾವತ್ತೂ ಇರ್ತಾವ. ಹೌದು, ಅದ ಹಕ್ಕಿ ಅಂತ ಹೇಳಿದ್ರ ಸುಳ್ಳ ಹೇಳಿದಂಗ ಆಗ್ತಿತ್ತು."

ಬಂದವರು ಹೋದರು. ಇವಾನ್ ಜಗಳವಾಡಲಿಲ್ಲ.

"ಅವತ್ತಿನಿಂದ ನನ್ನ ಮುಂದ ಹಕ್ಕಿ ಮಾತು ತಗೀಲಿಲ್ಲ. ಮಾತು ಬಿಟ್ಟಾ ಅಂತಲ್ಲ. ಉಪ್ಪು ಕೊಡು, ಕಟಗಿ ತಾ, ಬಾಗಲಾ ಹಾಕು, ಎಲ್ಲಾ ಮಾತಾಡ್ತಿದ್ದ. ಸಾಯೋತನಕ."

ರಾದ್ಕಾ ಒಲೆಗೆ ಒಂದು ಕಟ್ಟಿಗೆ ಹಾಕಿದಳು. ಆಮೇಲೆ ಅವಳು ನನ್ನನ್ನು ಕೇಳಿದಳು: "ನಿನ್ನ ಆ ಮನಷ್ಯಾ, ಸುಳ್ಳ ಹೇಳಿದ್ನೇನು?"

ಇಲ್ಲ ಎಂದೆ. ಯೋಚಿಸದೆ ಬಂದ ಉತ್ತರ ಅದು. ನಿಂಗಪ್ಪನವರು ಸುಳ್ಳು ಹೇಳಿದ್ದನ್ನು ನಾನು ಯಾವತ್ತೂ ಕೇಳಿಲ್ಲ. ಹೆಣ್ಣು ಕೇಳುವ ಮಾತುಕತೆಯಲ್ಲೂ ತಮ್ಮ ತಮ್ಮನ ಮಂಡಿನೋವು ಮುಚ್ಚಿಡದೆ ಹೇಳಿ, ಮನೆಯವರಿಂದ ಬೈಸಿಕೊಂಡವರು. ರಾದ್ಕಾ ಮತ್ತೆ ಚಾಕು ಎತ್ತಿಕೊಂಡಳು. ನಾನು ಆ ಮಧ್ಯಾಹ್ನವೆಲ್ಲ ಅವಳ ಎದುರು ಕುಳಿತು ಕುಂಬಳದ ಬೀಜ ಬಿಡಿಸಿದೆ.

ಗೋಧಿ ಹೊಲ

ಮರುದಿನ ಬೆಳಗಿಗೆ ಗಾಳಿ ತಿರುಗಿತ್ತು. ಮಂಜು ಒಂದು ಎಳೆಯೂ ಇರಲಿಲ್ಲ. ರಾದ್ಕಾ ತನ್ನ ಹಳೆಯ ಕಾರಿನಲ್ಲಿ ನನ್ನನ್ನು ಕೆರೆ ಮತ್ತು ಗೋಧಿ ಹೊಲಗಳ ನಡುವಿನ ಮಣ್ಣು ದಾರಿಗೆ ಬಿಟ್ಟು, ಮಧ್ಯಾಹ್ನ ಬರುತ್ತೇನೆಂದು ಹೋದಳು. ನೋಡಿ ಹೋಗು ಎಂದೆ. ಬೇಡ ಎಂಬಂತೆ ಕೈಯಾಡಿಸಿದಳು.

ಹೊಲ ನಮ್ಮ ಕಡೆಯದರಂತಲ್ಲ. ಬದುವಿಲ್ಲ, ಗಿಡವಿಲ್ಲ, ಗುಡಿಯಿಲ್ಲ, ಒಬ್ಬ ಆಳೂ ಇಲ್ಲ. ಮೊಳಕೆಯೆದ್ದ ಗೋಧಿಯ ಹಸಿರು ಆಕಾಶಕ್ಕೆ ಮುಟ್ಟುವತನಕ ಹಾಸಿಕೊಂಡಿತ್ತು. ಹುಟ್ಟಿದಾಗಿನಿಂದ ನಾನು ಇಷ್ಟು ಖಾಲಿಯಾದ ಜಾಗದಲ್ಲಿ ನಿಂತಿರಲಿಲ್ಲ.

ಸಮುದ್ರದ ಮೇಲೆ ಕೆಂಪು ಮೂಡುತ್ತಿದ್ದಂತೆ ಕೆರೆ ಎದ್ದಿತು. ಹಾಗೆಯೇ ಹೇಳಬೇಕು, ಕೆರೆಯೇ ಎದ್ದ ಹಾಗೆ. ಸಾಲುಸಾಲಾಗಿ ಹೆಬ್ಬಾತುಗಳು ತಲೆಯ ಮೇಲೆ ಹಾದು ಹೊಲಕ್ಕಿಳಿದವು. ಬಹುಪಾಲು ಬಿಳಿಹಣೆಯ ಕಂದು ಹೆಬ್ಬಾತುಗಳು. ಅವುಗಳ ನಡುವೆ ಕೀರಲು ದನಿಯ ಗಿಡ್ಡ ಬಾತುಗಳು, ಒಂದಲ್ಲ, ಹತ್ತಲ್ಲ, ನೂರಾರು. ಉದಯಿಸುತ್ತಿದ್ದ ಸೂರ್ಯ ನನ್ನ ಬೆನ್ನಿಗಿದ್ದ. ದುರ್ಬೀನು ಎತ್ತಿದೆ. ಕೆಂಪು ಎದೆ, ಕೆನ್ನೆಯ ಮೇಲೆ ಬಿಳಿ ಅಂಚಿನ ಕೆಂಪು ಬೊಟ್ಟು, ಕಪ್ಪು ಬೆನ್ನು, ಪಕ್ಕೆಯ ಗೀಟು. ಆನಿಕೆರೆಯಲ್ಲಿ ಕತ್ತೆತ್ತಿದ್ದು ಇದೇ. ಯಾವ ಸಂಶಯವೂ ಉಳಿಯಲಿಲ್ಲ. ನನ್ನ ಕಣ್ಣು ನನಗೆ ಮೋಸ ಮಾಡಿರಲಿಲ್ಲ. ದುರ್ಬೀನಿನ ಗಾಜು ಮಸುಕಾಯಿತು, ನಾನು ಅಳುತ್ತಿದ್ದೆ.

ಎಷ್ಟೋ ಹೊತ್ತು ಹಾಗೇ ನೋಡಿದೆ. ಆಮೇಲೆ, ಇನ್ನಷ್ಟು ಹತ್ತಿರದಿಂದ ನೋಡೋಣವೆಂದು ಹೊಲವನ್ನು ಬಳಸಿಕೊಂಡು ಆಚೆ ಬದಿಗೆ ಹೋದೆ. ಹಿಂಡಿನ ಪಡುವಣಕ್ಕೆ ಬಂದು ನಿಂತಾಗ ಸೂರ್ಯ ನನ್ನ ಎದುರಿಗಿದ್ದ. ದುರ್ಬೀನು ಎತ್ತಿದೆ. ಕೆಂಪು ಬಾತುಗಳು ಇರಲಿಲ್ಲ.

ಹಾರಿಹೋದವೇ ಎಂದು ಗಾಬರಿಯಾಯಿತು. ಹಾರಿರಲಿಲ್ಲ. ಅದೇ ಕೀರಲು ದನಿ, ಅದೇ ಗಿಡ್ಡ ಕತ್ತು. ಆದರೆ ಎದೆ ಕಪ್ಪು, ಕೆನ್ನೆ ಕಪ್ಪು, ಇಡೀ ಹಕ್ಕಿಯೇ ಮಸಿಯಲ್ಲಿ ಅದ್ದಿದಂತೆ. ಎದುರು ಬೆಳಕಿಗೆ ಕೆಂಪೆಲ್ಲ ಹೀರಿಹೋಗಿತ್ತು. ಪಕ್ಕೆಯ ಬಿಳಿ ಗೀಟು ಮಾತ್ರ ಎದ್ದು ಕಾಣುತ್ತಿತ್ತು.

ಹಾನಗಲ್ಲಿನ ಆ ಬೆಳಿಗ್ಗೆಯನ್ನು ಮತ್ತೆ ನೆನೆದೆ. ನಾನು ಮೂಡಲ ಏರಿಯ ಮೇಲೆ. ತೂಬು ಇರುವುದು ಪಡುವಣಕ್ಕೆ.

ಕೈಗವಸು ತೆಗೆದು ಫೋನು ಹಚ್ಚಿದೆ. ಚಿಕ್ಕೇರೂರಿನಲ್ಲಿ ಆಗ ಹೊತ್ತು ಏರಿರಬೇಕು. ಬಹಳ ಸಲ ರಿಂಗಾದ ಮೇಲೆ ಎತ್ತಿದರು. ನಾನು ಎಂದು ಹೆಸರು ಹೇಳಲು ಹೋದೆ.

"ಗೊತ್ತಾತ್ರಿ ಅಕ್ಕಾರ," ಎಂದರು.

"ನಿಂಗಪ್ಪನವರ, ಅವತ್ತ ತೂಬಿನ ಕಡೆ ನಿಂತಾಗ ಸೂರ್ಯ ಎಲ್ಲಿದ್ದ?"

ಯಾವತ್ತು ಎಂದು ಅವರು ಕೇಳಲಿಲ್ಲ. "ಮಾರಿ ಮ್ಯಾಲ ಇದ್ದನ್ರಿ. ಕಣ್ಣ ಬಿಡಾಕ ಆಗ್ತಿರಲಿಲ್ಲ."

"ಕರೀ ಬಾತು ಅಂತ ಬರದಿದ್ರಿ. ಅದಕ್ಕ ಪಕ್ಕಡಿಯೊಳಗ ಏನರ ಇತ್ತೇನು?"

"ಬಿಳೀ ಗೀಟ ಇತ್ರಿ, ದಪ್ಪಂದು. ಕುತಿಗಿ ಗಿಡ್ಡ. ನನಗ ಅದನ್ನ ಯಾರೂ ಕೇಳಲಿಲ್ಲ. ಕೆಂಪು ನೋಡೀಯೋ ಇಲ್ಲೋ, ಅಷ್ಟ ಕೇಳಿದ್ರು."

ನಾನೂ ಕೇಳಿರಲಿಲ್ಲ. ನಾನೆಲ್ಲಿ ನಿಂತಿದ್ದೇನೆ, ಏನು ನೋಡುತ್ತಿದ್ದೇನೆ ಎಂದು ಹೇಳಿದೆ. ಸೂರ್ಯ ಬೆನ್ನಿಗಿದ್ದಾಗ ಹೇಗೆ, ಎದುರಿಗಿದ್ದಾಗ ಹೇಗೆ ಎಂದು ಹೇಳಿದೆ. "ನೀವು ಹೇಳಿದ್ದು ಖರೇ ಅದ. ನೀವು ನಿಂತಲ್ಲಿಂದ ಕೆಂಪು ಕಾಣೂದ ಇಲ್ರಿ."

ಆ ಕಡೆ ದೂರದಲ್ಲಿ ಯಾರದೋ ಟ್ರ್ಯಾಕ್ಟರಿನ ಸದ್ದು ಕೇಳುತ್ತಿತ್ತು. ನಿಂಗಪ್ಪನವರು ಮೆಲ್ಲಗೆ ಕೇಳಿದರು:

"ಹಂಗಾರ ನಾನೂ ನೋಡೇನಿ ಅನ್ರಿ?"

"ನೋಡೀರಿ."

ಇದು ಗುಂಪಿನವರಿಗೆ ಸಾಕ್ಷಿಯಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅದರ ಮಾತು ಇಬ್ಬರೂ ಎತ್ತಲಿಲ್ಲ. ಆ ಚಳಿಗಾಲದ ನಂತರ ಕೆರೆಯ ಕಡೆ ಹೋಗಿಲ್ಲ ಎಂದು ಅವರು ಹೇಳಿದರು. ಒಬ್ಬರೇ ಹೋದರೆ ಮನಸ್ಸು ನಿಲ್ಲುವುದಿಲ್ಲವಂತೆ. ನನ್ನದೂ ಅಷ್ಟೇ ಎಂದೆ. ಹೊಲದ ಆ ತುದಿಯಲ್ಲಿ ಏನೋ ಬೆದರಿಸಿತು, ಬಾತುಗಳು ಸಾಲುಸಾಲಾಗಿ ಏಳತೊಡಗಿದವು. ಗದ್ದಲ ಅವರಿಗೂ ಕೇಳಿರಬೇಕು.

"ಅಕ್ಕಾರ," ಎಂದರು ನಿಂಗಪ್ಪನವರು. "ಆ ಕೆಂಪು ಹೆಂಗಿತ್ತು, ಹೇಳ್ರೆಲಾ."

ಅದನ್ನು ನನ್ನನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಫೋನು ಹಿಡಿದ ಬೆರಳು ಮರಗಟ್ಟಿದ್ದವು. ಮಳಿ ನಿಂತ ಮ್ಯಾಲೆ ನಿಮ್ಮ ಮಸಾರಿ ಹೊಲದ ಕೆಂಪು ಮಣ್ಣಿಗೆ ಸಂಜೀ ಬಿಸಲು ಬೀಳತದಲ್ಲ, ಎಂದು ಶುರು ಮಾಡಿದೆ. ಹಾಂ ರಿ, ಎಂದರು. ಬಾತುಗಳು ಒಂದೊಂದೇ ಸಾಲಾಗಿ ಸಮುದ್ರದ ಕಡೆ ಹೋದವು, ಹೊಲ ಖಾಲಿಯಾಯಿತು. ನಾನು ಹೇಳುತ್ತಲೇ ಇದ್ದೆ.